ಕರೆಂಟ್ ಪೆಟ್ಟಿಗೆಗೆ ಸುತ್ತಿದ ಒದ್ದೆ ಬಟ್ಟೆ

ಪಾಠ ಹೇಳುವವರಿಗೆ ಒಂದು ದೊಡ್ಡ ಅನುಕೂಲವಿದೆ. ಹೇಳಿದ್ದನ್ನೆಲ್ಲ ಸ್ವಂತ ಮನೆಯಲ್ಲಿ ಮಾಡಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ತುಮಕೂರಿನ ಕಾಲೇಜೊಂದರಲ್ಲಿ ಹನ್ನೆರಡು ವರ್ಷ ಭೌತಶಾಸ್ತ್ರ ಹೇಳಿರುವ ನಾನು, ವಿದ್ಯುತ್ತಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದೇ ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಅದೇ ನಂಬಿಕೆ. ಆದರೆ ಅಡುಗೆಮನೆಯಲ್ಲಿ ಯಾರಾದರೂ ತಾಮ್ರದ ಚೊಂಬು ಎತ್ತಿದ ಸದ್ದಾದರೆ ಸಾಕು, ನನ್ನ ಕೈಯಲ್ಲಿರುವ ಕಾಫಿ ಪಂಚೆಯ ಮೇಲೆ ಚೆಲ್ಲುತ್ತದೆ.

ಉಪ್ಪಾರಹಳ್ಳಿಯ ನಮ್ಮ ಬೀದಿಗೆ ಮೊದಲ ಕಂಪ್ಯೂಟರ್ ತಂದವನು ನಾನೇ. ಅದೇನು ಭಾರಿ ಯಂತ್ರವಲ್ಲ. ಟೈಪ್‌ರೈಟರಿನ ಅರ್ಧದಷ್ಟಿದ್ದ ಕೀಲಿಮಣೆ. ಅದನ್ನು ಟೀವಿಗೆ ಸಿಕ್ಕಿಸಿ ಕೂತರೆ ಆಯಿತು. ಅದಕ್ಕೆ ಕರೆಂಟು ಕೊಡುವ ತಗಡಿನ ಪೆಟ್ಟಿಗೆ ಮಾತ್ರ ಕಂಪ್ಯೂಟರಿಗಿಂತ ದಪ್ಪಗಿತ್ತು, ಜೋರಾಗಿಯೂ ಇತ್ತು. ಒಂದೇ ಸಮನೆ ಗುಂಯ್ ಎನ್ನುವುದು, ಅರ್ಧ ಗಂಟೆಯಲ್ಲಿ ದೋಸೆ ಹಂಚಿನಂತೆ ಕಾಯುವುದು. ಕಾದರೆ ಕಾಲೇಜಿನ ಟೈಮ್‌ಟೇಬಲ್ ಅಷ್ಟೂ ಟೀವಿ ಪರದೆಯಿಂದ ಮಾಯ. ತಣ್ಣಗಿರಲೆಂದು ಟೇಬಲ್ ಫ್ಯಾನ್ ಇಟ್ಟೆ. ಅದೋ ಮದುವೆಯಲ್ಲಿ ಬಂದದ್ದು, ಕಟಕಟ ಎಂದುಕೊಂಡೇ ತಿರುಗುವಂಥದ್ದು. ಪಕ್ಕದ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಮಲಗಿದ್ದ ಅಮ್ಮ ಎದ್ದು ಬಂದರು.

“ಏನ್ಲಾ ನಂಜುಂಡ, ಮನೇಲಿ ಹಿಟ್ಟಿನ ಮಿಷಿನ್ ಇಟ್ಟಿದ್ಯಾ? ಒಂದ್ ಗಳಿಗೆ ಕಣ್ ಮುಚ್ಚಕ್ಕೆ ಬುಡಲ್ವಲ್ಲೋ!”

ಸದ್ದು ಅಡಗಿಸುವ ಕೆಲಸವನ್ನು ನನ್ನ ಹೆಂಡತಿ ಪ್ರಮೀಳಾ ವಹಿಸಿಕೊಂಡಳು. ಟೀವಿ, ರೇಡಿಯೋ, ಮಿಕ್ಸಿ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಕವರು ಹೊಲಿದು ಗಿಳಿಯ ಕಸೂತಿ ಹಾಕಿದವಳು ಅವಳು. ಫ್ಯಾನ್ ತೆಗೆಸಿ, ಪೆಟ್ಟಿಗೆಗೂ ಹತ್ತಿ ತುಂಬಿದ ಅಂಗಿ ಹೊಲಿದಳು. ಸದ್ದು ನಿಂತಿತು. ಇಪ್ಪತ್ತು ನಿಮಿಷಕ್ಕೆ ಮನೆಯೆಲ್ಲ ಇಸ್ತ್ರಿ ಅಂಗಡಿಯ ವಾಸನೆ. ನಾನು ಕೂಗಾಡಿದರೆ, “ಸದ್ದು ನಿಂತಿದೆ ತಾನೇ? ನೀವು ಕೇಳಿದ್ದು ಅಷ್ಟೇ ಅಲ್ವೇನ್ರೀ?” ಎಂದಳು.

ಆಗ ನನಗೆ ಕುಣಿಗಲ್ಲಿನ ನಮ್ಮ ಹಳೆಯ ಮನೆಯ ನೀರಿನ ಮಡಕೆ ನೆನಪಾಯಿತು. ನಡುಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂತು, ಒದ್ದೆ ಬಟ್ಟೆ ಸುತ್ತಿಕೊಂಡು, ಎಂಥ ಬೇಸಗೆಯಲ್ಲೂ ನೀರನ್ನು ಹಲ್ಲು ಜುಮ್ಮೆನ್ನುವಷ್ಟು ತಂಪಾಗಿಡುತ್ತಿತ್ತು. ಬಟ್ಟೆ ಒಣಗಬಾರದೆಂದು, ಆ ಕಡೆ ಹಾದುಹೋದವರೆಲ್ಲ ಒಂದು ಬೊಗಸೆ ನೀರು ಚಿಮುಕಿಸಿಯೇ ಹೋಗಬೇಕು. ಅದು ಅಮ್ಮನ ಕಟ್ಟುನಿಟ್ಟು. ಒದ್ದೆ ಬಟ್ಟೆ ತಂಪು ಮಾಡುತ್ತದೆ, ಬಿಗಿಯಾಗಿ ಸುತ್ತಿದರೆ ತಗಡಿನ ನಡುಕವೂ ನಿಲ್ಲುತ್ತದೆ. ಒಂದೇ ಏಟಿಗೆ ಎರಡೂ ಪರಿಹಾರ! ಹಳೆಯ ಪಂಚೆಯೊಂದನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಗಾಳಿಕಿಂಡಿಗಳನ್ನು ಬಿಟ್ಟು ಪೆಟ್ಟಿಗೆಗೆ ಸುತ್ತಿದೆ.

“ಕರೆಂಟಿಗೂ ನೀರಿಗೂ ಆಗಲ್ಲ ಅಂತ ನಮಗೆ ಹೈಸ್ಕೂಲಲ್ಲೇ ಹೇಳ್ಕೊಟ್ಟಿದ್ರು” ಎಂದಳು ಪ್ರಮೀಳಾ.

“ಹೈಸ್ಕೂಲಲ್ಲಿ ಅರ್ಧ ಹೇಳ್ಕೊಡ್ತಾರೆ. ಮಿಕ್ಕರ್ಧಕ್ಕೇ ನಾವಿರೋದು” ಎಂದೆ.

ಎರಡು ದಿನ ನನ್ನ ಮಿಕ್ಕರ್ಧ ಗೆದ್ದಿತು. ಪೆಟ್ಟಿಗೆ ತಣ್ಣಗಿತ್ತು, ಮನೆ ಸದ್ದಿಲ್ಲದೆ ಇತ್ತು, ಅಮ್ಮ ಗೊರಕೆ ಹೊಡೆದರು. ಆ ಉತ್ಸಾಹದಲ್ಲಿ ಮನೆಯ ಇನ್ನೊಂದು ಅಶಿಸ್ತನ್ನೂ ತಿದ್ದಲು ಹೊರಟೆ. ಹಿಮ್ಮಡಿ ನೋವೆಂದು ಅಮ್ಮ ಡಾಕ್ಟರ ಮಾತಿನಂತೆ ಮನೆಯೊಳಗೂ ಹವಾಯಿ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು. ಭಾನುವಾರ ಬೆಳಿಗ್ಗೆ, “ದೇವರ ಫೋಟೋ ಇರೋ ಮನೇಲಿ ಚಪ್ಪಲಿ ಏನಮ್ಮಾ?” ಎಂದು ಗದರಿ, ಅವನ್ನು ವರಾಂಡದಾಚೆ ಇಟ್ಟುಬಂದೆ. ಪ್ರಮೀಳಾ ಹೋಗಿ ತಂದು, “ಹಾಕ್ಕೊಳ್ಳಿ ಅತ್ತೆ” ಎಂದು ಅವರ ಕಾಲ ಬಳಿ ಇಟ್ಟಳು. ನಾನು ಮುಖ ಊದಿಸಿಕೊಂಡು ಪೇಪರು ಹಿಡಿದೆ.

ಮಧ್ಯಾಹ್ನ ಊಟವಾಗಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರೆ, ಕಂಪ್ಯೂಟರ್ ಹಾಗೇ ಚಾಲೂ ಇದೆ. ಅಮ್ಮ ಪೆಟ್ಟಿಗೆಯ ಮುಂದೆ ಬಗ್ಗಿದ್ದಾರೆ. ಎಡಗೈ ಪೆಟ್ಟಿಗೆಯ ತಗಡಿನ ಕಡೆಗೆ ಹೋಗುತ್ತಿದೆ. ಬಲಗೈಯಲ್ಲಿ ತುಂಬಿದ ತಾಮ್ರದ ಚೊಂಬು. ಚಿಮುಕಿಸುವುದಲ್ಲ, ಬಸವನಿಗೆ ಅಭಿಷೇಕ ಮಾಡುವಂತೆ ಸುರಿಯುತ್ತಿದ್ದಾರೆ! ನೀರು ಸೀದಾ ಗಾಳಿಕಿಂಡಿಯೊಳಕ್ಕೆ. ಆ ಗಳಿಗೆ ದಿನಕ್ಕೆ ನಾಲ್ಕು ಸಲವಾದರೂ ನನ್ನ ಕಣ್ಣ ಮುಂದೆ ಮತ್ತೆ ನಡೆಯುತ್ತದೆ. ಪ್ರತಿ ಸಲವೂ ಹಾರಿ ಹೋಗಿ ಸ್ವಿಚ್ ಆರಿಸುತ್ತೇನೆ. ಅಂದು ಮಾತ್ರ ಕಂಬದಂತೆ ನಿಂತಿದ್ದೆ. ನಾನೂರು ಹುಡುಗರಿಗೆ ಕೇಳುವ ನನ್ನ ಗಂಟಲಿನಿಂದ “ಅ...” ಎಂಬ ಒಂದಕ್ಷರ ಹೊರಟಿತು. ಅಷ್ಟರಲ್ಲಿ ಫಟ್ ಎಂದಿತು, ನೀಲಿ ಬೆಳಕು ಚಿಮ್ಮಿತು, ಚೊಂಬು ಮಂಚದ ಕೆಳಗೆ ಉರುಳಿತು, ಫ್ಯೂಸ್ ಹೋಗಿ ಮನೆಯೆಲ್ಲ ನಿಶ್ಶಬ್ದ.

ಅಮ್ಮ ಕೈ ಕೊಡವಿಕೊಂಡರು. “ಇರುವೆ ಕಚ್ಚಿದಂಗಾಯ್ತು. ಬಟ್ಟೆ ಒಣಗೋಗಿತ್ತು ಕಣೋ, ಅದಕ್ಕೇ ನೀರು ಹುಯ್ದೆ. ನೀನ್ಯಾಕ್ಲಾ ನೆಲದ್ ಮೇಲೆ ಕೂತಿದ್ದೀಯ?”

ನೆಲದ ಮೇಲೆ ಯಾವಾಗ ಕೂತೆನೋ ನನಗೆ ತಿಳಿಯದು. ತಿಳಿದದ್ದು ಒಂದೇ: ನನ್ನ ಕಣ್ಣ ಮಟ್ಟಕ್ಕೆ ಅಮ್ಮನ ಕಾಲುಗಳಿದ್ದವು, ಸುತ್ತ ನೀರು ಹರಿದಿತ್ತು, ಕಾಲಿಗೂ ನೆಲಕ್ಕೂ ನಡುವೆ ಎರಡು ಹವಾಯಿ ಚಪ್ಪಲಿಗಳಿದ್ದವು. ರಬ್ಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು ಹನ್ನೆರಡು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಡಾಕ್ಟರ ಬಳಿಗೆ ಕರೆದುಕೊಂಡು ಹೋದರೆ ಅವರು ಅಮ್ಮನ ನಾಡಿ ಹಿಡಿದು ಸರಿಯಿದೆ ಎಂದರು. ಆಮೇಲೆ ನನ್ನನ್ನು ನೋಡಿ ಮಲಗಲು ಹೇಳಿದರು.

ಈಗ ನಮ್ಮ ಕಂಪ್ಯೂಟರ್ ತಣ್ಣಗೂ ಇದೆ, ಸದ್ದಿಲ್ಲದೆಯೂ ಇದೆ. ಪ್ರಮೀಳಾಳ ಗಿಳಿಯ ಕೆಳಗೆ, ಪ್ಲಗ್ಗಿನಿಂದ ಮಾರು ದೂರದಲ್ಲಿ. ತೊಂದರೆ ಈಗ ಬೇರೆ ಕಡೆ ಇದೆ. ಅಮ್ಮನಿಗೆ ಹಿಮ್ಮಡಿ ನೋವು ವಾಸಿಯಾಗಿದೆ, ಬರಿಗಾಲಲ್ಲಿ ಮಿಕ್ಸಿಯ ಹತ್ತಿರ, ಇಸ್ತ್ರಿ ಪೆಟ್ಟಿಗೆಯ ಹತ್ತಿರ ಆರಾಮಾಗಿ ಓಡಾಡುತ್ತಾರೆ. ಒಂದೊಂದು ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದು ನಾನು ಹಿಂದೆ ಹಿಂದೆ ಹೋಗುತ್ತೇನೆ.

“ಹಾಕ್ಕೊಳಮ್ಮಾ, ನಿನ್ನ ದಮ್ಮಯ್ಯ.”

“ಥೂ, ಆಚೆ ಬುಡೋ ಅದ್ನ” ಎನ್ನುತ್ತಾರೆ ಅಮ್ಮ. “ದೇವರ ಫೋಟೋ ಇರೋ ಮನೆ!”