ಹಿಟ್ಟು ಹಾಳು ಮಾಡುವ ಹುಡುಗಿ

ತಾಯಂದಿರು ಮಕ್ಕಳ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎನ್ನುವವರು ನಮ್ಮ ಮಾಳಮಡ್ಡಿಯ ಕಟ್ಟೆಗಳ ಮೇಲೆ ಒಂದು ಸಂಜೆಯೂ ಕುಳಿತವರಲ್ಲ. ನಾನು ಪೂಜೆ ಮುಗಿಯದೆ ಬಾಯಿಗೆ ನೀರು ಹಾಕದ ಹೆಂಗಸು. ಆದರೂ ಇಪ್ಪತ್ತೊಂದು ವರ್ಷದಿಂದ ಒಂದೇ ಸುಳ್ಳನ್ನು ಹಣೆಯ ವಿಭೂತಿ ಆರುವ ಮೊದಲೇ ಹೇಳುತ್ತ ಬಂದಿದ್ದೇನೆ. ಅದು ಇಷ್ಟೇ: "ನಮ್ಮ ಹುಡುಗಿಗೆ ಏನೂ ಬರೂದಿಲ್ರಿ." ಇದನ್ನು ನಾನೊಬ್ಬಳೇ ಹೇಳುತ್ತೇನೆಂದಲ್ಲ. ಪಕ್ಕದ ಮನೆಯ ಗಂಗಕ್ಕನ ಮಗ ಶಾಲೆಗೇ ಮೊದಲಿಗನಾಗಿ ಬಂದಾಗ ಆಕೆ, ಮಾಸ್ತರರಿಗೆ ಕನಿಕರ ಬಂದಿರಬೇಕು ಎಂದಳು. ಅವಳ ಮಾತು ಸುಳ್ಳೆಂದು ನನಗೆ ಗೊತ್ತು, ನನ್ನದು ಸುಳ್ಳೆಂದು ಅವಳಿಗೆ ಗೊತ್ತು. ಕೂಸಿದ್ದಾಗ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡುತ್ತೇವೆ. ದೊಡ್ಡವರಾದ ಮೇಲೆ ಅದೇ ಬೊಟ್ಟನ್ನು ಬಾಯಿಯಿಂದ ಇಡುತ್ತೇವೆ, ಅಷ್ಟೆ. ಪರವೂರಿನವರು ಯಾರಾದರೂ ಕೇಳಿಸಿಕೊಂಡರೆ ಈ ಓಣಿಯಲ್ಲಿ ಹುಟ್ಟಿದವರೆಲ್ಲ ದಡ್ಡರು ಎಂದು ಮರುಗಿಯಾರು.

ಈ ಬೊಟ್ಟು ನನ್ನ ಮಗಳು ನೀಲಾಳಿಗೆ ತೊಡಕಾಗಿ ಬಂದದ್ದು ಅವಳು ಬಿ.ಎ. ಮುಗಿಸಿದ ವರ್ಷ. ಅವಳಿಗೆ ವಿಶ್ವವಿದ್ಯಾಲಯಕ್ಕೆ ಹೋಗಿ ಕನ್ನಡ ಎಂ.ಎ. ಓದಬೇಕು, ಹಳೆಯ ಶಿಲಾಶಾಸನಗಳನ್ನು ಓದುವುದನ್ನು ಕಲಿಯಬೇಕು ಎಂಬ ಆಸೆ. ಹುಬ್ಬಳ್ಳಿಯಲ್ಲಿರುವ ನನ್ನ ನಾದಿನಿಗೆ ಅವಳನ್ನು ಅಮರಗೋಳದ ಕಡೆಯ ಒಂದು ಮನೆಗೆ ಕೊಡಬೇಕೆಂಬ ಆಸೆ. ಕೊನೆಗೆ ನಮ್ಮ ಮನೆಯವರು ಒಂದು ತೀರ್ಪು ಕೊಟ್ಟರು: ಸೀಟು ಸಿಕ್ಕರೆ ಎರಡು ವರ್ಷ ಯಾರೂ ಮದುವೆಯ ಸುದ್ದಿ ಎತ್ತಕೂಡದು; ಸಿಗದಿದ್ದರೆ ದೀಪಾವಳಿಯೊಳಗೆ ಮಾತುಕತೆ. ಮನೆಯಲ್ಲಿ ಎಲ್ಲರೂ ಒಪ್ಪಿದರು. ನೀಲಾ ಅರ್ಜಿ ತಂದಳು.

ಆ ಅರ್ಜಿಯ ಜೊತೆ ಒಂದು ಖಾಲಿ ಹಾಳೆ ಇತ್ತು. ನೀವು ಯಾರು, ನಿಮ್ಮ ಯೋಗ್ಯತೆ ಏನು, ಈ ವಿಷಯವನ್ನೇ ಏಕೆ ಓದಬಯಸುತ್ತೀರಿ ಎಂಬುದನ್ನು ನಿಮ್ಮದೇ ಮಾತಿನಲ್ಲಿ, ನಿಮ್ಮದೇ ಕೈಯಿಂದ ಬರೆಯಿರಿ ಎಂದು ಅದರ ತಲೆಯ ಮೇಲೆ ಅಚ್ಚಾಗಿತ್ತು. ನನಗೆ ಅದು ಬಹಳ ಸೋಜಿಗವೆನಿಸಿತು. ಗುರುತಿಲ್ಲದವರ ಮುಂದೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದೆಂದರೆ ಹೇಗೆ? ನಮ್ಮಲ್ಲಿ ಹೆಣ್ಣು ನೋಡಲು ಬಂದಾಗಲೂ ಹುಡುಗಿ ಬಾಯಿ ಬಿಡುವುದಿಲ್ಲ, ಎಲ್ಲವನ್ನೂ ಸೋದರಮಾವನೇ ಹೇಳುತ್ತಾನೆ. ಈ ಹಾಳೆಯಲ್ಲಿ ಸೋದರಮಾವನಿಗೆ ಜಾಗವೇ ಇರಲಿಲ್ಲ. ಸೋಮವಾರದಿಂದ ಹುಡುಗಿ ಅದರ ಮುಂದೆ ಕುಳಿತು ಪೆನ್ನಿನ ತುದಿ ಕಡಿಯತೊಡಗಿದಳು. ಕಡೆಯ ದಿನ ಶನಿವಾರ.

ಬುಧವಾರ ನಮ್ಮ ಮನೆಯವರಿಗೆ ಕರುಣೆ ಬಂದು, ತಾವೇ ಒಂದು ಮಾದರಿ ಬರೆದುಕೊಟ್ಟರು. ಪಾಪ, ಅವರು ಕಚೇರಿಯಲ್ಲಿ ಇಷ್ಟು ವರ್ಷ ಸ್ವಂತಕ್ಕೆಂದು ಬರೆದದ್ದು ರಜೆಯ ಅರ್ಜಿಯೊಂದೇ. ಮೊದಲನೆಯ ಸಾಲು ಗಂಭೀರವಾಗಿತ್ತು. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ನೀಲಾಳಿಗೆ ಜ್ವರ ಬಂದು ಎರಡು ದಿನದ ರಜೆ ಬೇಕಾಗಿತ್ತು.

ಶುಕ್ರವಾರ ಅವಳು ಗೆಳತಿಯ ಪುಸ್ತಕ ಕೊಟ್ಟು ಬರಲು ಹೋದಾಗ ನಾನು ಮೇಜು ಒರೆಸುತ್ತಿದ್ದೆ. ಮಸಿದೌತಿಯ ಕೆಳಗೆ ಒಂದು ಹಾಳೆ ಇತ್ತು. ಓದಬಾರದಿತ್ತು, ಓದಿದೆ. "ನನ್ನಲ್ಲಿ ವಿಶೇಷ ಯೋಗ್ಯತೆ ಏನೂ ಇಲ್ಲ. ಬಿ.ಎ. ಹೇಗೋ ಪಾಸಾಯಿತು. ಮನೆಗೆಲಸವೂ ಅಷ್ಟಕ್ಕಷ್ಟೆ. ಒಂದು ಕೆಲಸ ಹಿಡಿದು ಕುಳಿತರೆ ಕರೆದದ್ದು ಕೇಳಿಸುವುದಿಲ್ಲ. ಸಣ್ಣವಳಿದ್ದಾಗ ಹಿಟ್ಟು ಹಾಳು ಮಾಡುತ್ತಿದ್ದೆ. ಸೀಟು ಉಳಿದರೆ ಕೊಡಬೇಕಾಗಿ ವಿನಂತಿ." ಇದನ್ನು ಎಲ್ಲಿಯೋ ಕೇಳಿದ್ದೇನಲ್ಲ ಎನಿಸಿತು. ಮತ್ತೊಮ್ಮೆ ಓದಿದಾಗ ಗೊತ್ತಾಯಿತು. ಒಂದೊಂದು ಸಾಲೂ ನನ್ನದೇ. ಕಟ್ಟೆಯ ಮೇಲೆ ಕುಳಿತು ಗಂಗಕ್ಕನ ಮುಂದೆ ಆಡಿದ್ದು. ಕಟ್ಟೆಯ ಹಿಂದೆ ಕಿಟಕಿ, ಕಿಟಕಿಯ ಹಿಂದೆ ಈ ಹುಡುಗಿ ಓದುತ್ತ ಕೂಡುವ ಚಾಪೆ. ಅಕ್ಷರ ಅವಳದು, ಬಾಯಿ ನನ್ನದು.

ಹಿಟ್ಟಿನ ಸಂಗತಿಯನ್ನು ಹೇಳಲೇಬೇಕು. ಅಮ್ಮಿನಬಾವಿಯಲ್ಲಿರುವ ನನ್ನ ಅಕ್ಕನ ಮನೆಗೆ ಬೇಸಿಗೆಯಲ್ಲಿ ಹೋಗುತ್ತಿದ್ದೆವು. ಆ ಊರ ಗುಡಿಯ ಪಕ್ಕದಲ್ಲಿ ಅಕ್ಷರ ಕೆತ್ತಿದ ಒಂದು ಕಲ್ಲು ಇತ್ತು. ನಾವೆಲ್ಲ ಅದರ ಮೇಲೆ ಸೀರೆ ಒಣ ಹಾಕುವವರು. ಹತ್ತು ವರ್ಷದ ನೀಲಾ ಡಬ್ಬಿಯಿಂದ ಜೋಳದ ಹಿಟ್ಟನ್ನು ಬೊಗಸೆಯಲ್ಲಿ ಒಯ್ದು ಕಲ್ಲಿಗೆ ತಿಕ್ಕುತ್ತಿದ್ದಳು. ಸವೆದ ಅಕ್ಷರಗಳೊಳಗೆ ಹಿಟ್ಟು ಕುಳಿತು, ಅವು ಬೆಳ್ಳಗೆ ಎದ್ದು ಕಾಣುತ್ತಿದ್ದವು. ಊಟ ಬಿಟ್ಟು ಒಂದೊಂದನ್ನೇ ಕೂಡಿಸಿ ಓದುವಳು. ಮೂರು ದಿನಕ್ಕೆ ಒಂದು ಸೇರು ಹಿಟ್ಟು ಮುಗಿಯಿತು. ಈಗ ಕಿಲೋ ಬಂದಿದೆ, ಆದರೆ ಹಾಳಾದ ಹಿಟ್ಟು ನನ್ನ ಲೆಕ್ಕದಲ್ಲಿ ಇನ್ನೂ ಸೇರೇ. ನಾನು ಸೌಟು ಹಿಡಿದು ಓಡಿದಾಗ ಆ ಊರ ಮುದುಕ ಮಾಸ್ತರರೊಬ್ಬರು ಅಲ್ಲಿ ನಿಂತು, ಹುಡುಗಿ ಎರಡು ಸಾಲು ತಪ್ಪಿಲ್ಲದೆ ಓದಿದಳು ಎಂದರು. ಓದುವುದೆಲ್ಲಿ ಬಂತು, ಹಿಟ್ಟು ಹಾಳು ಮಾಡುತ್ತಾಳೆ ಎಂದು ನಾನು ಥಟ್ಟನೆ ಬೊಟ್ಟು ಇಟ್ಟೆ. ಸಂಜೆ ದೀಪ ಹಚ್ಚಿ ಅಂದಂದಿನ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ ಶಿವನಿಗೆ ಒಪ್ಪಿಸುವುದು ನನ್ನ ರೂಢಿ. ಹಾಲು ಉಕ್ಕಲಿಲ್ಲ, ನಳದಲ್ಲಿ ನೀರು ಬಂತು, ಇಂಥವೇ. ಆ ಸಂಜೆ ಮೊದಲ ಗೆಣ್ಣಿನ ಮೇಲೆ ಎಣಿಸಿದ್ದು ಆ ಎರಡು ಸಾಲುಗಳನ್ನು. ಶಿವನಿಗೆ ಹೇಳಿದ್ದೆ, ಅವಳಿಗೆ ಹೇಳಿರಲಿಲ್ಲ.

ನೀಲಾ ಬಂದ ಕೂಡಲೇ ಹಾಳೆಯನ್ನು ಅವಳ ಮುಂದೆ ಹಿಡಿದೆ.

"ಇದೇನವಾ, ಹಿಂಗ ಬರದೀ?"

"ಖರೇ ಇದ್ದದ್ದನ್ನ ಬರದೇನಿ. ದಿನಾ ನೀನ ಹೇಳತಿಯಲ್ಲ."

"ಅದು ಗಂಗಕ್ಕಗ ಹೇಳೂ ಮಾತು. ಇವರಿಗಲ್ಲ."

"ಹಂಗಾರ ಇವರಿಗೆ ಹೇಳೂ ಮಾತು ಯಾವುದು? ಅದನ್ನೂ ನೀನ ಹೇಳು."

ನಾನು ಎದ್ದು ತಲಬಾಗಿಲು ಹಾಕಿದೆ. ಕಟ್ಟೆಯ ಕಡೆಯ ಕಿಟಕಿಯನ್ನೂ ಮುಚ್ಚಿದೆ. ಕಳವಿನ ಮಾಲು ಮಾರುವವರ ಹಾಗೆ ದನಿ ತಗ್ಗಿಸಿ, ಆ ಕಲ್ಲು, ಆ ಹಿಟ್ಟು, ಮಾಸ್ತರರ ಮಾತು ಎಲ್ಲವನ್ನೂ ಹೇಳಿದೆ. ಕರೆದದ್ದು ಕೇಳಿಸದ ಹಾಗೆ ಓದುವುದು ತಪ್ಪಲ್ಲ, ಅದೇ ಅವಳ ಯೋಗ್ಯತೆ ಎಂದೂ ಹೇಳಿದೆ. ಅವಳು ಬರೆಯುತ್ತ ಬರೆಯುತ್ತ ಪೆನ್ನು ನಿಲ್ಲಿಸಿದಳು.

"ಅವ್ವಾ, ಇದನ್ನೆಲ್ಲಾ ನೀ ನನಗ ಎಂದೂ ಹೇಳಿದ್ದಿಲ್ಲಲ್ಲ."

"ನನ್ನ ಕಣ್ಣ ತಾಗಿದ್ರ ಏನ ಮಾಡ್ಲಿ?" ಎಂದೆ. ಹೇಳುವಾಗ ನನಗೇ ಅದು ಪೂರ್ತಿ ಉತ್ತರವೆನಿಸಲಿಲ್ಲ.

ಮರುದಿನ ಅರ್ಜಿ ಕೊಡಲು ಹೋಗುವ ಮುನ್ನ ಉಪ್ಪು ಮೆಣಸಿನಕಾಯಿ ಹಿಡಿದು ಮಗಳಿಗೂ ಅರ್ಜಿಗೂ ನಿವಾಳಿಸಿ ಒಲೆಗೆ ಹಾಕಿದೆ. ದೃಷ್ಟಿ ತಾಗಿದ್ದರೆ ಘಾಟು ಏಳುವುದಿಲ್ಲ ಎನ್ನುತ್ತಾರೆ. ಅಂದು ಎದ್ದ ಘಾಟಿಗೆ ನಮ್ಮ ಮನೆಯವರು ಅರ್ಧ ಗಡ್ಡ ಬೋಳಿಸಿಕೊಂಡು ಕೆಮ್ಮುತ್ತ ಅಂಗಳಕ್ಕೆ ಬಂದರು. ಅಂದರೆ ಹುಡುಗಿಗೆ ಯಾರ ಕಣ್ಣೂ ತಾಗಿರಲಿಲ್ಲ. ಇಷ್ಟು ವರ್ಷದ ನನ್ನ ಸುಳ್ಳು ಅವಳನ್ನು ಕಾಯ್ದಿತೋ, ಅಥವಾ ಆ ಸುಳ್ಳು ಬೇಕಾಗಿಯೇ ಇರಲಿಲ್ಲವೋ, ಅದನ್ನು ಮಾತ್ರ ಮೆಣಸಿನಕಾಯಿ ಹೇಳುವುದಿಲ್ಲ. ಇಂದಿಗೂ ರೊಟ್ಟಿ ಬಡಿಯುವಾಗ ಕುತೂಹಲವಾಗುತ್ತದೆ.

ಸೀಟು ಸಿಕ್ಕಿತು. ನಾದಿನಿ ಎರಡು ವರ್ಷಕ್ಕೆ ಬಾಯಿ ಮುಚ್ಚಿಕೊಂಡಳು. ಕಾಗದ ಬಂದ ಮಧ್ಯಾಹ್ನವೇ ಗಂಗಕ್ಕ ಕಟ್ಟೆಗೆ ಬಂದು, ನಿಮ್ಮ ನೀಲಾ ಭಾಳ ಶಾಣ್ಯಾ ಹುಡುಗಿ ಎಂದಳು. ಈ ಸಲ ಖರೇ ಹೇಳಬೇಕೆಂದು ನಾನು ನಿಶ್ಚಯಿಸಿಯೇ ಕುಳಿತಿದ್ದೆ. ಬಾಯಿ ತೆರೆದೆ. ಬಂದದ್ದು ಇದು:

"ಶಾಣ್ಯಾ ಎಲ್ಲೀದ್ರಿ? ಸೀಟ ಉಳದಿದ್ದೂವಂತ, ಕೊಟ್ಟಾರ."

ಕಟ್ಟೆಯ ಹಿಂದಿನ ಕಿಟಕಿ ತೆರೆಯಿತು. ರೊಟ್ಟಿಯ ಹಿಟ್ಟು ಹತ್ತಿದ ಕೈಯಿಂದ ಸರಳು ಹಿಡಿದುಕೊಂಡು ನೀಲಾ ಹೇಳಿದಳು, "ಗಂಗಕ್ಕಾರ, ಮನಸಿಗೆ ಹಚ್ಚಿಕೋಬ್ಯಾಡ್ರಿ. ನಮ್ಮವ್ವಗ ಏನೂ ಬರೂದಿಲ್ಲ."

ಗಂಗಕ್ಕ ನಕ್ಕಳು. ನಾನು ಸಿಟ್ಟಾದಂತೆ ಮುಖ ಮಾಡಿದೆ. ಆದರೆ ಬೊಟ್ಟು ಇಡುವ ಕೈಯ ಗುರುತು ಬೊಟ್ಟು ಇಡುವವಳಿಗೆ ಸಿಗದೇ ಇರುತ್ತದೆಯೇ? ಅಂದು ಸಂಜೆ ದೀಪ ಹಚ್ಚಿ, ಮೊದಲ ಗೆಣ್ಣಿನ ಮೇಲೆ ಸೀಟನ್ನು ಬಿಟ್ಟು ಆ ಮಾತನ್ನೇ ಎಣಿಸಿದೆ. ಎಣಿಸಿದ ಕೂಡಲೇ ಅಂಜಿಕೆಯಾಗಿ, ಹುಡುಗಿಗೆ ಬಾಯಿ ಜೋರು, ಅಡಿಗೆಯಂತೂ ಬರುವುದೇ ಇಲ್ಲ ಎಂದು ಶಿವನ ಮುಂದೆಯೂ ಸೇರಿಸಿದೆ. ಅವನನ್ನು ನಂಬುವುದಿಲ್ಲವೆಂದಲ್ಲ, ಏನಿದ್ದರೂ ಅವನಿಗೆ ಕಣ್ಣು ಮೂರು.