ನಲವತ್ತು ಕೊಡ ನೀರು ಮತ್ತು ನನ್ನ ಕೊನೆಯ ಹುತುತು

ಇಪ್ಪತ್ತೆರಡು ವರ್ಷ ಹುತುತು, ಅಂದರೆ ಕಬಡ್ಡಿ, ಆಡಿದವನು ನಾನು. ಅಷ್ಟು ವರ್ಷಗಳಲ್ಲಿ ನನ್ನ ಕಾಲು ಹಿಡಿದು ಗೆರೆಯಾಚೆ ಉಳಿಸಿಕೊಂಡ ಗಂಡಸು ಕುಂದಗೋಳ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಇದು ನಾನೇ ಹೇಳಿಕೊಳ್ಳುವ ಮಾತಲ್ಲ. ಆದರೆ ನಮ್ಮ ಯರಗುಪ್ಪಿಯಲ್ಲಿ ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ನಾನೇ ಹೇಳುತ್ತ ಬಂದಿದ್ದೆ.

ಎಪ್ಪತ್ತರ ದಶಕದ ಮಾತಿದು. ಆಗ ನನಗೆ ನಲವತ್ತನಾಲ್ಕು. ನಲವತ್ತನಾಲ್ಕು ಒಂದು ವಯಸ್ಸೇ? ಎತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದೆ, ಮೂರು ಜೋಳದ ರೊಟ್ಟಿಯ ಮೇಲೆ ನಾಲ್ಕನೆಯದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಮೊಣಕಾಲು ಮಾತ್ರ ಏಳುವಾಗ ಒಂದು ಸಣ್ಣ ಸದ್ದು ಮಾಡುತ್ತಿತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ವರ್ಷ ಶಲವಡಿ ಊರಿನವರ ಜೊತೆ ಪಂದ್ಯ ಗೊತ್ತಾಯಿತು. ಮರುದಿನ ಮೌಲಾಸಾಬ ತನ್ನ ಹೊಲಿಗೆ ಅಂಗಡಿಗೆ ನನ್ನನ್ನು ಕರೆಸಿದ. ಮೌಲಾಸಾಬ ನನ್ನ ಬಾಲ್ಯದ ಗೆಳೆಯ. ಮೊದಲಿಂದ ನನ್ನ ಜೊತೆಗೇ ಆಡಿದವನು, ಮೂರು ವರ್ಷದ ಹಿಂದೆ ಸೊಂಟ ಹಿಡಿದ ಮೇಲೆ ಆಟ ಬಿಟ್ಟು ಕೊರಳಿಗೆ ಸೀಟಿ ಹಾಕಿಕೊಂಡು ತೀರ್ಪು ಹೇಳುವ ಪಂಚನಾಗಿದ್ದ. ಅಂಗಡಿಯ ಕಟ್ಟೆಯ ಮೇಲೆ ನಮ್ಮ ತಂಡದ ಹುಡುಗರೆಲ್ಲ ತಲೆ ಬಗ್ಗಿಸಿ ಕೂತಿದ್ದರು.

"ಬಸಣ್ಣಾ, ಹುಡುಗರು ಒಂದು ವಿಚಾರ ಮಾಡ್ಯಾರ. ಈ ವರ್ಷದಿಂದ ನೀ ನಮ್ಮ ಹುತುತು ಸಂಘದ ಅಧ್ಯಕ್ಷ" ಎಂದ ಮೌಲಾಸಾಬ.

"ಅಧ್ಯಕ್ಷ ಆದಾವ ಏನ್ ಮಾಡಬೇಕು?"

"ಖುರ್ಚಿ ಮ್ಯಾಲ ಕುಂದರಬೇಕು."

"ಆಮ್ಯಾಲೆ?"

"ಕುಂತಾವ ಏಳಬಾರದು. ಅಷ್ಟ."

ನನಗೆ ವಿಷಯ ಅರ್ಥವಾಯಿತು. ನನ್ನ ಜಾಗಕ್ಕೆ ಅವರು ಆರಿಸಿಟ್ಟಿದ್ದು ಈರಣ್ಣನನ್ನು. ಈರಣ್ಣ ನನ್ನ ಹೆಂಡತಿಯ ತಮ್ಮ, ಇಪ್ಪತ್ತಮೂರರ ಗಂಡಾಳು, ನಮ್ಮ ಮನೆಯಲ್ಲೇ ಇದ್ದು ನಮ್ಮ ಹೊಲ ನೋಡಿಕೊಂಡಿದ್ದವನು. ನನ್ನ ಅನ್ನ ಉಂಡು ನನ್ನ ಆಟದ ಚಡ್ಡಿಯ ಮೇಲೇ ಕಣ್ಣು ಹಾಕಿದ್ದಾನೆ ಎಂದು ಹೊಟ್ಟೆ ಉರಿಯಿತು. ಅವನು ಮಾತ್ರ ತಲೆ ಎತ್ತದೆ, "ನಾ ಏನ್ ಕೇಳಿಲ್ಲ ಮಾವಾ, ಇವರ ಅಂದ್ರು" ಎಂದ.

ಜಗಳಾಡಿ ಜಗಳಾಡಿ ಕೊನೆಗೆ ಒಂದು ಕರಾರಾಯಿತು. ಶಲವಡಿಯವರ ಜೊತೆ ನಾನೇ ಮೊದಲ ದಾಳಿಗೆ ಏರಿ ಹೋಗಬೇಕು. ಸಿಗದೆ ವಾಪಸು ಬಂದರೆ ನನಗೆ ಬೇಕೆನಿಸುವ ತನಕ ಆಡಬಹುದು. ಔಟಾದರೆ ಅವತ್ತೇ ಆಟ ಬಿಟ್ಟು ಈರಣ್ಣನಿಗೆ ಜಾಗ ಕೊಡಬೇಕು.

ಮರುದಿನದಿಂದಲೇ ತಾಲೀಮು ಶುರು. ಹಿತ್ತಲಲ್ಲಿ ಗೋಡೆ ಹಿಡಿದು ಬೈಠಕ್ ಹೊಡೆಯುತ್ತಿದ್ದಾಗ ಹೆಂಡತಿ ಗಂಗವ್ವ ಸಗಣಿ ಬುಟ್ಟಿ ಹೊತ್ತು ಬಂದಳು.

"ಏನ್ ಮಾಡಾಕತ್ತೀರಿ?"

"ಬಗ್ಗೂ ಅಭ್ಯಾಸ."

"ಬಗ್ಗೂದು ಬರ್ತೈತಿ ನಿಮಗ. ಏಳೂದು ಅಭ್ಯಾಸ ಮಾಡ್ರಿ."

ಉಸಿರು ಕಟ್ಟಿ "ಹುತುತು ಹುತುತು" ಅನ್ನುವುದನ್ನು ಕೊಟ್ಟಿಗೆಯಲ್ಲಿ ಅಭ್ಯಾಸ ಮಾಡಿದೆ. ಮೂರನೆಯ ದಿನ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತು. ಗಂಗವ್ವ ನನ್ನನ್ನು ಕೊಟ್ಟಿಗೆಯಿಂದ ಹೊರಗೆ ಹಾಕಿದಳು, ಎಮ್ಮೆಯನ್ನಲ್ಲ.

ಆಗ ನನಗೆ ಬುದ್ಧಿ ಉಪಯೋಗಿಸಬೇಕೆಂದು ಹೊಳೆಯಿತು. ಈ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಲ್ಲ. ಪಂದ್ಯ ನಡೆಯುವುದು ನಮ್ಮ ಹಿತ್ತಲ ಹಿಂದಿನ ಕಣದಲ್ಲಿ. ರಾಶಿ ಮುಗಿದ ಮೇಲೆ, ಸಗಣಿ ಸಾರಿಸಿ ಕಲ್ಲಿನ ರೂಲು ಉರುಳಿಸಿದ ಕಣದಂಥ ಗಟ್ಟಿ ಮೈದಾನ ಊರಲ್ಲಿ ಬೇರೊಂದಿರಲಿಲ್ಲ. ಕಣದ ಒಂದು ಬದಿಗೆ ದೊಡ್ಡ ಬೇವಿನ ಮರ. ಪರ ಊರಿನಿಂದ ಆಡಲು ಬಂದವರಿಗೆ ನೆರಳಿನ ಕಡೆ ಬಿಟ್ಟುಕೊಡುವುದು, ಊರಿನವರು ಬಿಸಿಲಿನ ಕಡೆ ನಿಲ್ಲುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಅಂದರೆ ಶಲವಡಿಯವರು ಎಲ್ಲಿ ನಿಲ್ಲುತ್ತಾರೆಂಬುದು ನನಗೆ ಹಿಂದಿನ ದಿನವೇ ಗೊತ್ತು! ಆ ಅರ್ಧಕ್ಕೆ ಮಾತ್ರ ನೀರು ಹಾಕಿದರೆ? ಎರೆ ಮಣ್ಣು. ನೆರಳಿನಲ್ಲಿ ಒಣಗುವುದಿಲ್ಲ. ಅವರ ಕಾಲು ಕೀಳಲಿಕ್ಕೆ ಬರುವುದಿಲ್ಲ, ನನ್ನನ್ನು ಹಿಡಿಯುವುದು ದೂರದ ಮಾತು.

ಪಂದ್ಯದ ಹಿಂದಿನ ದಿನ ಹಿತ್ತಲ ಬಾವಿಯ ಸವಳು ನೀರನ್ನು ಸ್ವತಃ ಸೇದಿ ಸಂಜೆಯೊಳಗೆ ನಲವತ್ತು ಕೊಡ ಹೊತ್ತು ಹಾಕಿದೆ. ಬೆಳಿಗ್ಗೆ ಮತ್ತೆ ಹತ್ತು ಕೊಡ ಚಿಮುಕಿಸಿದೆ.

"ಧೂಳಿಗೆ ಇಷ್ಟ್ಯಾಕ ನೀರು?" ಎಂದಳು ಗಂಗವ್ವ.

"ಬೀಗರ ಊರವರು ಬರ್ತಾರ. ಮರ್ಯಾದಿ ಪ್ರಶ್ನೆ."

"ಶಲವಡ್ಯಾಗ ನಮಗ ಬೀಗರು ಯಾರದಾರ?"

ನಾನು ಬಗ್ಗಿಕೊಂಡೇ ಮುಂದಿನ ಕೊಡ ಎತ್ತಿದೆ. ಬೆನ್ನು ನೆಟ್ಟಗಾಗುತ್ತಿರಲಿಲ್ಲ.

ಮಧ್ಯಾಹ್ನ ಶಲವಡಿಯವರು ಎರಡು ಚಕ್ಕಡಿಯಲ್ಲಿ ಬಂದಿಳಿದರು. ಊರಿಗೆ ಊರೇ ಕಣದ ಸುತ್ತ ಸೇರಿತ್ತು. ಹಿತ್ತಲ ಬಾಗಿಲಲ್ಲಿ ಗಂಗವ್ವ ಓಣಿಯ ಹೆಂಗಸರೊಂದಿಗೆ ನಿಂತಿದ್ದಳು. ನಾನು ಬಹಳ ಗೌರವದಿಂದ ಕೈ ಮುಗಿದು ಅತಿಥಿಗಳಿಗೆ ನೆರಳಿನ ಕಡೆ ತೋರಿಸಿದೆ. ಅವರ ನಾಯಕ ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿ ನಕ್ಕ.

"ಎರಿ ಮಣ್ಣು ನಮ್ಮೂರಾಗೂ ಐತ್ರಿ ಅಣ್ಣಾರ. ಇಷ್ಟು ತ್ರಾಸ ಯಾಕ ತಗೊಂಡ್ರಿ?"

ಅಷ್ಟು ಹೇಳಿ ತನ್ನ ಆಟಗಾರರನ್ನೆಲ್ಲ ಹಿಂದಿನ ಗೆರೆಯ ಹತ್ತಿರ, ನೀರು ಮುಟ್ಟದ ಒಂದು ಮೊಳ ಜಾಗದಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟ. ಯಾರೂ ಕದಲಲಿಲ್ಲ.

ಮೌಲಾಸಾಬ ಸೀಟಿ ಊದಿದ. ನಾನು ತೊಡೆ ತಟ್ಟಿ, ಎದೆ ತುಂಬ ಉಸಿರು ಎಳೆದು, "ಹುತುತು ಹುತುತು" ಎನ್ನುತ್ತ ಗೆರೆ ದಾಟಿದೆ. ದಾಟಿದ ಮೇಲೆ ಒಂದು ವಿಷಯ ತಲೆಗೆ ಬಂತು. ಹುತುತು ಆಟದಲ್ಲಿ ಏರಿ ಹೋಗುವವನು ಎದುರಿನವರ ಅಂಗಳಕ್ಕೆ ಹೋಗಬೇಕು! ಇಪ್ಪತ್ತೆರಡು ವರ್ಷದ ಅನುಭವವಿದ್ದ ನನಗೆ ಈ ನಿಯಮ ನಲವತ್ತು ಕೊಡ ನೀರು ಹೊರುವಾಗ ನೆನಪಾಗಿರಲಿಲ್ಲ.

ಮೊದಲ ಹೆಜ್ಜೆಗೆ ಅರ್ಧ ಸೇರು ಮಣ್ಣು ಅಂಟಿತು. ಎರಡನೆಯದಕ್ಕೆ ಒಂದು ಸೇರು. ಆರನೆಯ ಹೆಜ್ಜೆಯ ಹೊತ್ತಿಗೆ ನನ್ನ ಎರಡು ಕಾಲಿಗೂ ಒಂದೊಂದು ಮಣ್ಣಿನ ಗಡಿಗೆ ಕಟ್ಟಿದಂತಾಗಿತ್ತು. ಆದರೂ ಬಿಡಲಿಲ್ಲ. ಮುಂದೆ ಬಾಗಿ ಅವರ ಮೂಲೆಯವನ ಭುಜ ಮುಟ್ಟಿದೆ. ಮುಟ್ಟಿದೆ! ಇನ್ನು ವಾಪಸು ಬರುವುದಷ್ಟೇ ಬಾಕಿ.

ತಿರುಗಿದೆ. ನಾನು ತಿರುಗಿದೆ, ಕಾಲು ತಿರುಗಲಿಲ್ಲ. ಮೊಣಕಾಲು ತನ್ನ ಸದ್ದು ಮಾಡಿತು, ಈ ಸಲ ಇಡೀ ಊರಿಗೆ ಕೇಳುವಂತೆ. ಹಿಂದೆ ಶಲವಡಿಯ ನಾಯಕ, "ಯಾರೂ ಮುಟ್ಟಬ್ಯಾಡ್ರಲೇ, ತಾವ ಔಟ್ ಆಗ್ತಾರ" ಎಂದು ತನ್ನವರನ್ನು ತಡೆದ. ಮೌಲಾಸಾಬ ನನ್ನ ಬಾಯಿಯ ಹತ್ತಿರ ಕಿವಿ ತಂದು ಜೊತೆಜೊತೆಗೆ ನಡೆದ. ಒಂದು ಕಾಲು ಕಿತ್ತೆ. ಇನ್ನೊಂದು ಕಿತ್ತೆ. ಗೆರೆ ಒಂದು ಗೇಣು ದೂರವಿರುವಾಗ "ಹುತು" ಬಂತು, "ತು" ಬರಲಿಲ್ಲ.

ಉಸಿರು ಮುರಿದಿತ್ತು. ಮೌಲಾಸಾಬ ಸೀಟಿ ಊದಿದ.

"ಅನ್ಯಾಯ ಐತಿದು ಮೌಲಾ. ನನ್ನ ಯಾರು ಹಿಡದಾರ ತೋರಿಸು" ಎಂದೆ, ರಾಡಿಯಲ್ಲಿ ಕುಸಿದು ಕೂತಲ್ಲಿಂದಲೇ.

"ಭೂಮಿತಾಯಿ ಹಿಡದಾಳ ಬಸಣ್ಣಾ. ಔಟ್" ಎಂದ ಅವನು. ಅವನ ಕಣ್ಣಲ್ಲಿ ನೀರಿತ್ತು. ನಗುವಿನದೋ ದುಃಖದ್ದೋ ನಾನು ಕೇಳಲಿಲ್ಲ.

ಇಬ್ಬರು ಹುಡುಗರು ನನ್ನನ್ನು ಎತ್ತಿಕೊಂಡು ಹೋಗಿ ಖುರ್ಚಿಯ ಮೇಲೆ ಕೂರಿಸಿದರು. ಖುರ್ಚಿಯನ್ನು ಮೊದಲೇ ತಂದಿಟ್ಟಿದ್ದರು. ನನಗೆ ಅಳು ಬಂದಿತ್ತು, ಮುಚ್ಚಿಡುವುದೇನು. ಇಪ್ಪತ್ತೆರಡು ವರ್ಷ ಒಂದು ಗೇಣಿನಲ್ಲಿ ಮುಗಿದುಹೋಗಿತ್ತು. ಅಷ್ಟರಲ್ಲಿ ಗಂಗವ್ವ ಹಿತ್ತಲ ಬಾಗಿಲಿಗೆ ತಮ್ಮನನ್ನು ಕರೆದು ಏನೋ ಹೇಳುತ್ತಿದ್ದುದು ಕಂಡಿತು. ಈರಣ್ಣ ತಲೆ ಆಡಿಸಿ ಕಣಕ್ಕೆ ಇಳಿದ.

ಅವನು ಏರಿ ಹೋದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನಾನು ಹೋಗಿ ಬಂದ ದಾರಿಯಲ್ಲಿ ಒದ್ದೆ ಮಣ್ಣೆಲ್ಲ ನನ್ನ ಕಾಲಿಗೆ ಅಂಟಿ ಎದ್ದುಬಂದಿತ್ತು. ಹೆಜ್ಜೆ ಹೆಜ್ಜೆಗೂ ಅಡಿಯ ಗಟ್ಟಿ ಕಣ ಹೊರಗೆ ಕಾಣುತ್ತಿತ್ತು. ಈರಣ್ಣ ಸರಿಯಾಗಿ ಆ ಹೆಜ್ಜೆಗಳ ಮೇಲೆಯೇ ಕಾಲಿಡುತ್ತ ಓಡಿದ, ಇಬ್ಬರನ್ನು ಮುಟ್ಟಿದ, ಅದೇ ಹೆಜ್ಜೆ ಹಿಡಿದು ವಾಪಸು ಬಂದ. ಅವನ ಹಿಂದೆ ನಮ್ಮ ಹುಡುಗರೆಲ್ಲ ಹಾಗೇ ಹೋದರು, ಹಾಗೇ ಬಂದರು. ಅರ್ಧ ಆಟಕ್ಕೆ ಅಂಗಳ ಬದಲಾಗುವಷ್ಟರಲ್ಲಿ, ರಾಡಿಗಿಳಿದು ಯಾರನ್ನೂ ಹಿಡಿಯಲಾರದೆ ಶಲವಡಿಯವರು ಮೇಲೇಳದಷ್ಟು ಹಿಂದೆ ಬಿದ್ದಿದ್ದರು. ಯರಗುಪ್ಪಿ ಗೆದ್ದಿತು.

ನನ್ನ ಎದೆ ಉಬ್ಬಿತು. ಹೊಟ್ಟೆಯಲ್ಲಿದ್ದ ಉರಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಮ್ಮ ಮನೆಯ ಹುಡುಗ, ನನ್ನ ಹೆಜ್ಜೆಯಲ್ಲಿ ಹೆಜ್ಜೆ ಇಟ್ಟು ಗೆದ್ದಿದ್ದ. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದೆ. ಹಾರ ಹಾಕಿಕೊಂಡು ಬಂದು ಕಾಲು ಮುಟ್ಟಿದ ಈರಣ್ಣನನ್ನು ಎಬ್ಬಿಸಿ, ನಾಲ್ಕು ಜನ ಕೇಳುವಂತೆ ಕೇಳಿದೆ.

"ನನ್ನ ಹೆಜ್ಜಿ ಹಿಡದು ಹೋಗಬೇಕು ಅಂತ ನಿನಗ ಹೆಂಗ ತಿಳೀತೋ ತಮ್ಮಾ?"

"ಅಕ್ಕ ಹೇಳಿದ್ಳು ಮಾವಾ."

"ಏನಂದ್ಳು?"

ಈರಣ್ಣ ಸುತ್ತ ನಿಂತವರನ್ನೊಮ್ಮೆ ನೋಡಿದ.

"ನಿಮ್ಮ ಮಾವ ಎಲ್ಲಿ ಹೋಗ್ತಾರ, ಅಲ್ಲಿಂದು ರಾಡಿ ಎಲ್ಲಾ ತಮ್ಮ ಮೈಗೆ ಹಚ್ಚಿಕೊಂಡ ಬರ್ತಾರ. ಹಿಂದ ಹೋದವರಿಗೆ ಏನೂ ಹತ್ತೂದಿಲ್ಲ ಅಂದ್ಳು."

ಆಮೇಲೆ ನಾನು ಹುತುತು ಆಡಲಿಲ್ಲ. ಇನ್ನೊಂದು ಸಲ ಯಾರಾದರೂ ಆಡಬೇಡ ಅನ್ನಬಹುದು, ಆಗ ಜಗಳ ತೆಗೆಯಬಹುದು ಎಂದು ಬಹಳ ದಿನ ಕಾದೆ. ಯಾರೂ ಅನ್ನಲಿಲ್ಲ.