ಎಫ್ ಡ್ರೈವ್ ಕಾಣದ ಶನಿವಾರ

೧೯೮೯ರ ಒಂದು ಶನಿವಾರ ಬೆಳಿಗ್ಗೆ, ಮಿಲ್ಲಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಹುಸೇನಪೀರ ತನ್ನ ಕಂಪ್ಯೂಟರಿನ ಮುಂದೆ ಕೂತು ಹೆಸರು, ಪಾಸ್‌ವರ್ಡ್ ಒತ್ತಿದ. ಎಫ್ ಡ್ರೈವ್ ಬರಲಿಲ್ಲ.

ರಾಯಚೂರಿನ ಆ ಹತ್ತಿ ಮಿಲ್ಲಿನ ಬೇಲುಗಳ, ಅಂದರೆ ಒತ್ತಿ ಕಟ್ಟಿದ ಹತ್ತಿ ಮೂಟೆಗಳ, ಪಟ್ಟಿ ಒಳಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿತ್ತು. ಅದನ್ನು ತೋರಿಸುವ ಎಫ್ ತೆರೆಯುತ್ತಿದ್ದುದು ಅವನೊಬ್ಬನ ಹೆಸರಿಗೆ. ಹನ್ನೊಂದಕ್ಕೆ ಬೊಂಬಾಯಿಯ ವ್ಯಾಪಾರಿಗಳು ಆ ಪಟ್ಟಿ ನೋಡಲು ಬರುವವರಿದ್ದರು. ಆಗಲೇ ಹತ್ತು ದಾಟಿತ್ತು.

"ರೇಡಿಯೋಕ್ಕ ಬಡದಂಗ ಒಂದು ಬಡಿ ತಮ್ಮಾ," ಎನ್ನುತ್ತ ಹಳೆಯ ಗುಮಾಸ್ತ ಅಮೀರ್ ಸಾಬ್ ತಾನೇ ಬಡಿದ. ಏನೂ ಆಗಲಿಲ್ಲ.

"ಧೂಳ ಕುಂತಿರ್ಬೇಕ್ರಿ," ಎನ್ನುತ್ತ ಕಸಗುಡಿಸುವ ಆದೆಮ್ಮ ಎಲ್ಲ ಕಂಪ್ಯೂಟರುಗಳನ್ನು ಒಳಕೋಣೆಗೆ ಜೋಡಿಸುವ ವೈರು ಒರೆಸಿದಳು. ಅದು ಕಿತ್ತು ಕೈಗೇ ಬಂತು. ಈಗ ಉಳಿದ ಮೇಜುಗಳ ಡ್ರೈವ್‌ಗಳೂ ಮಾಯವಾದವು.

ಮಿಲ್ಲಿನ ಒಡೆಯ, ಸಾವ್ಕಾರ ಜಿಲಾನಿ ಪಾಷಾ ಬಾಗಿಲಲ್ಲಿ ನಿಂತರು. "ಏನಾತಪ್ಪಾ?"

"ಐದು ನಿಮಿಷ ಕೊಡ್ರಿ ಸಾವ್ಕಾರ್ರ."

ಹತ್ತು ದಿನದ ಹಿಂದಷ್ಟೇ ಅವನು ಹೆಂಡತಿ ಖತೀಜಾ ಬೀಯನ್ನು ಊರು ಬಾಗಲವಾಡದಿಂದ ಕರೆತಂದು ಸ್ಟೇಷನ್ ಬಳಿ ಮನೆ ಹಿಡಿದಿದ್ದ. ಈ ಕೆಲಸ ಹೋದರೆ ಅವಳಿಗೆ ಏನು ಹೇಳುವುದು? ಕುದಿಯುವ ಅನ್ನದ ಗಡಿಗೆಯ ಮುಚ್ಚಳದಂತೆ ಅವನ ಎದೆ ತಟಪಟಗುಟ್ಟಿತು.

ವೈರು ಜೋಡಿಸಿದ. ಎಲ್ಲರ ಡ್ರೈವ್‌ಗಳೂ ಬಂದವು, ಅವನದು ಬರಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಅಮೀರ್ ಸಾಬನ ಹೆಸರು ಒತ್ತಿಸಿದ. ಅವನ ಡ್ರೈವಿನ ಹಾಜರಿ ಪಟ್ಟಿ ಥಟ್ಟನೆ ತೆರೆಯಿತು.

"ಅಂದ್ರ ದೋಷ ನಿನ್ನ ಹೆಸರಿನಾಗ ಅದ," ಎಂದ ಅಮೀರ್ ಸಾಬ್.

ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಹುಸೇನಪೀರ ಒಳಕೋಣೆಗೆ ಓಡಿದ. ಯಾರ ಹೆಸರಿಗೆ ಯಾವ ಡ್ರೈವ್ ತೆರೆಯಬೇಕೆಂದು ಹೇಳುವ ಲಾಗಿನ್ ಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿದ. ತನ್ನ ಹೆಸರಿನ ಮುಂದೆ 'ರಾಯಚೂರು' ಇರಬೇಕಾದಲ್ಲಿ 'ದೇವದುರ್ಗ' ಎಂದಿತ್ತು. ಅದನ್ನು ತಿದ್ದಿದ. ಹೊರಗೆ ಬಂದು ಹೆಸರು ಒತ್ತಿದರೆ ಎಫ್ ಬಂದೇಬಿಟ್ಟಿತು.

ವ್ಯಾಪಾರಿಗಳು ಪಟ್ಟಿ ನೋಡಿ, ಒಪ್ಪಿ, ಹೋದರು. ಸಾವ್ಕಾರರು ಅವನ ಬೆನ್ನು ತಟ್ಟಿದರು. "ಏನಾಗಿತ್ತು?"

"ಯಾರೋ ತಪ್ಪಿ ನನ್ನ ಹೆಸರಿಗೆ ದೇವದುರ್ಗ ಹಚ್ಚ್ಯಾರ್ರಿ."

"ತಪ್ಪಲ್ಲಪ್ಪಾ. ನಾನೇ, ಕಂಪ್ಯೂಟರ್ ತಂದುಕೊಟ್ಟ ನಮ್ಮ ಬುರ್ಹಾನುದ್ದೀನನ ಕಡಿಂದ ಬರೆಸೀನಿ. ಸೋಮವಾರದಿಂದ ದೇವದುರ್ಗದ ನಮ್ಮ ಮಿಲ್ಲಿಗೂ ಕಂಪ್ಯೂಟರ್ ಬರ್ತದ, ನೀನೇ ಹೋಗಿ ನೋಡ್ಕೋಬೇಕು. ಅಂವ ಎರಡು ದಿನ ಮೊದಲೇ ಬರದಾನ, ಅಷ್ಟ." ಸಾವ್ಕಾರರು ನಕ್ಕರು. "ನೀ ಒಬ್ಬನೇ ಅಲ್ಲಿ ನಡೆಸ್ತೀಯೋ ಇಲ್ಲೋ ಅಂತ ಅನುಮಾನ ಇತ್ತು. ಮುಂಜಾನಿ ನಿನ್ನ ಫಜೀತಿ ನೋಡಿ, ಬ್ಯಾಡ, ಇವನ್ನ ಇಲ್ಲೇ ಇಟ್ಕೋಳೋಣ ಅಂತನೂ ಮಾಡಿದ್ದೆ. ಈಗ ಅನುಮಾನ ಹೋತು ನೋಡು."

ಬುರ್ಹಾನುದ್ದೀನ ಆಗಲೇ ಊರಿಗೆ ಹೊರಟುಹೋಗಿದ್ದ. ಸ್ಕ್ರಿಪ್ಟು ತಿದ್ದಲು ಅಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ, ತನ್ನ ಹೆಸರಿನ ಮುಂದೆ ಮತ್ತೆ 'ದೇವದುರ್ಗ' ಎಂದು ಒತ್ತಲು ಹುಸೇನಪೀರನೇ ಒಳಕೋಣೆಗೆ ಹೋಗಬೇಕಾಯಿತು.